ಗೇಜಿಗೆ ಅಂಟಿಸಿದ ಚೀಟಿ

ಆದರ್ಶ ಅನಿಲ ಅಂತ ಒಂದಿದೆ, ಪಿಯುಸಿ ಪುಸ್ತಕದಲ್ಲಿ.
ಅದರ ಕಣಕ್ಕೆ ಮೈಯಿಲ್ಲ.
ಒಂದನ್ನೊಂದು ಕಂಡರೆ ಪ್ರೀತಿಯೂ ಇಲ್ಲ, ಜಗಳವೂ ಇಲ್ಲ.
ತಾಗುತ್ತವೆ, ಪುಟಿಯುತ್ತವೆ, ಮರೆಯುತ್ತವೆ.
ಹದಿನೆಂಟು ವರ್ಷ ಪಾಲಿಟೆಕ್ನಿಕ್ಕಿನ ಹಲಗೆಯ ಮೇಲೆ
ಅದನ್ನೇ ಬರೆದೆ, ಒರೆಸಿದೆ.
ಪರೀಕ್ಷೆಗೆ ಐದು ಅಂಕಕ್ಕೆ ಬರುತ್ತೆ, ತಪ್ಪದೆ.

ಈಗ ನಲವತ್ತೆರಡಕ್ಕೆ ಪಿಎಚ್‌ಡಿ ಹುಚ್ಚು.
ಮೈಸೂರಿನ ಲ್ಯಾಬಿನಲ್ಲಿ, ಫ್ಯಾನು ಕಿರುಗುಟ್ಟುವ ಮೂಲೆಯಲ್ಲಿ,
ಪರದೆಯ ಮೇಲೆ ನನ್ನದೊಂದು ಕೊಳವೆ.
ಒಳಗೆ ಹಬೆ: ಇನ್ನೂರೈವತ್ತು ಬಾರ್, ಏಳುನೂರು ಕೆಲ್ವಿನ್.
ಕೊಳವೆಯನ್ನು ಆರು ಲಕ್ಷ ಚೂರು ಮಾಡಿದ್ದೇನೆ.
ಒಂದೊಂದು ಚೂರಿನ ಬಾಗಿಲಿಗೂ ಹೋಗಿ ಯಂತ್ರ ಕೇಳಬೇಕು,
ಜನಗಣತಿಗೆ ಬಂದ ಮೇಷ್ಟರ ಹಾಗೆ:
ಸಾಂದ್ರತೆ ಎಷ್ಟು? ಜಿಗುಟು ಎಷ್ಟು? ಶಾಖ ಎಷ್ಟು ಹಿಡಿಸುತ್ತೆ?
ಆದರ್ಶ ಸೂತ್ರ ತಟ್ಟನೆ ಹೇಳಿತು: ಎಪ್ಪತ್ತೇಳು.
ಹಬೆಯ ಕೋಷ್ಟಕ ತೆರೆದರೆ ನೂರಿಪ್ಪತ್ತರ ಮೇಲೆ.
ಎರಡರ ನಡುವೆ ನಾನು
ಪೆನ್ನಿನ ಮುಚ್ಚಳ ಕಚ್ಚುತ್ತ ಕೂತೆ.

ಉತ್ತರ ಸಿಕ್ಕಿದ್ದು ಬೆಳಗಿನ ಗಾಡಿಯಲ್ಲಿ.
ಮಂಡ್ಯದಲ್ಲಿ ಹತ್ತುವಾಗ ಕೈಬೀಸಲು ಜಾಗವಿತ್ತು,
ಆಗ ನಾವೆಲ್ಲ ಆದರ್ಶರು.
ಪಾಂಡವಪುರದಲ್ಲಿ ಬಾಗಿಲೇ ಕಾಣದಾಯಿತು.
ಒಬ್ಬೊಬ್ಬರಿಗೂ ಒಂದು ಮೈ, ಒಂದು ಬ್ಯಾಗು, ಊಟದ ಡಬ್ಬಿ.
ಆ ಜಾಗವನ್ನು ಎಷ್ಟು ಒತ್ತಿದರೂ ಯಾರೂ ಬಿಟ್ಟುಕೊಡರು.
ಆದರೂ "ಬಾರಮ್ಮಿ, ಇತ್ಲಾಗ್ ಬಾ" ಅಂತ ಕರೆದು ಕರೆದು
ಮೂವರ ಸೀಟಿಗೆ ಐವರು, ತೊಡೆಯ ಮೇಲೊಂದು ಕೂಸು.
ಸೆಳೆತವಿದ್ದಲ್ಲಿ ಲೆಕ್ಕಕ್ಕಿಂತ ಹೆಚ್ಚು ಹಿಡಿಸುತ್ತೆ.
ಶ್ರೀರಂಗಪಟ್ಟಣದ ಸೇತುವೆ ಮೇಲೆ, ಮೊಣಕೈಗಳ ಸಂದಿಯಲ್ಲಿ
ನೋಟ್‌ಬುಕ್ಕು ತೆಗೆದು ಎರಡು ಅಕ್ಷರ ಗೀಚಿದೆ,
ಮೈಗೊಂದು, ಸೆಳೆತಕ್ಕೊಂದು.

ಅಷ್ಟಕ್ಕೆ ಮುಗಿಯಲಿಲ್ಲ.
ಕೊಳವೆಯ ಕಂಠ ದಾಟಿ ಒತ್ತಡ ಇಳಿವ ಕಡೆ
ಹೊಸ ಸಮೀಕರಣ ಮೂರು ಉತ್ತರ ಕೊಡುತ್ತೆ:
ದೊಡ್ಡದು ಹಬೆ, ಚಿಕ್ಕದು ನೀರು,
ನಡುವಿನದು ಲೆಕ್ಕದಲ್ಲಿದೆ, ಲೋಕದಲ್ಲಿಲ್ಲ.
ಯಂತ್ರ ಒಂದು ರಾತ್ರಿ ಆ ಇಲ್ಲದ್ದನ್ನೇ ನಂಬಿ ನಡೆದು
ಬೆಳಗಾಗುವಷ್ಟರಲ್ಲಿ ಕಾವು ಮೈನಸ್ ಮುನ್ನೂರು ಕೆಲ್ವಿನ್,
ಎಲ್ಲೂ ಯಾರೂ ನಡುಗಿರದ ಚಳಿ.
ಬೇಸತ್ತು ಕೋಷ್ಟಕವನ್ನೇ ತುಂಬಿಸಿದೆ. ಓಡಿತು.
ಚಿತ್ರ ಕೆಂಪು ಹಳದಿ, ಕಣ್ಣಿಗೆ ಹಬ್ಬ.
ಕೋಷ್ಟಕ ಎಂಟುನೂರಕ್ಕೆ ಮುಗಿದಿತ್ತು;
ಆಚೆ ಹೋದ ಚೂರುಗಳಿಗೆಲ್ಲ ಯಂತ್ರ ಕೊನೆಯ ಸಾಲನ್ನೇ ಕೊಟ್ಟು
ಒಂದು ಮಾತೂ ಆಡದೆ ಸುಮ್ಮನಿತ್ತು.

ಖಲೀಲ್ ಸಾಬರು ಗುರುವಾರದ ಜೊತೆಗಾರರು,
ಕಣ್ಣಿನ ಆಸ್ಪತ್ರೆಗೆ ಹೋಗುವವರು,
ಸಕ್ಕರೆ ಕಾರ್ಖಾನೆಯ ಬಾಯ್ಲರಿನ ಮುಂದೆ ಮೂವತ್ತು ವರ್ಷ ನಿಂತವರು.
ಕೇಳಿ, ಕನ್ನಡಕ ಒರೆಸುತ್ತ ಅಂದರು:
"ನಮ್ಮ ಮೂರನೇ ನಂಬರ್ ಗೇಜು ಹನ್ನೆರಡರ ತನಕ ಸರಿ ಕಣಮ್ಮ.
ಆಮೇಲೆ ಸುಳ್ಳು ಹೇಳೋದು.
ಬದಲಾಯಿಸಿ ಅಂದ್ರೆ ಯಾರ್ ಕೇಳ್ತಾರೆ?
ಗಾಜಿನ ಮೇಲೆ ಚೀಟಿ ಅಂಟಿಸಿದ್ವಿ,
'ಹನ್ನೆರಡು ದಾಟಿದ್ರೆ ಒಂದೂವರೆ ಸೇರಿಸ್ಕೊ'.
ಹದಿನಾಲ್ಕಾದ್ರೆ?
ಅಲ್ಲೀತನಕ ನಾವ್ ಹೋಗಿಲ್ಲ. ಚೀಟೀಲಿ ಅದನ್ನೂ ಬರ್ದಿತ್ತು."

ಆ ಸಂಜೆ ಕೋಷ್ಟಕದ ಅಂಚಿಗೆ ಒಂದು ಸಾಲು ಸೇರಿಸಿದೆ:
ಎಂಟುನೂರು ದಾಟಿದರೆ ನಿಲ್ಲು, ಕೂಗು.
ಈಗ ಓಟ ಓಟಕ್ಕೂ ಕೂಗುತ್ತೆ,
ಪರದೆ ತುಂಬ ಕೆಂಪಕ್ಷರ, ಚಿತ್ರವೇ ಇಲ್ಲ.
ವೃಷಭೇಂದ್ರಪ್ಪ ಸರ್ ಕುರ್ಚಿ ಎಳೆದು ಕೂತು ಕೇಳಿದರು,
"ಈ ಮಿತಿಗೆ ಆಕರ ಯಾವುದು?
ಅಡಿಟಿಪ್ಪಣಿಯಲ್ಲಿ ಏನೂ ಇಲ್ಲವಲ್ಲ."
ಗುರುವಾರ ಬರಲಿ, ಕೇಳಿ ಹೇಳ್ತೀನಿ ಸರ್, ಅಂದೆ.